'ಅಗತ್ಯ ಬಿದ್ದಾಗ' ಅನ್ನೋದನ್ನ ಕಿತ್ತಾಕಿದ ಕಥೆ: ಇಂಗ್ಲೆಂಡ್ ಕೌನ್ಸಿಲ್ ಒಂದರಲ್ಲಿ ನನ್ನ ಅನುಭವ

ನಾನು ಇಂಗ್ಲೆಂಡಲ್ಲಿ ಒಂದು ಕೌನ್ಸಿಲ್‌ನ, ಅಂದ್ರೆ ಸ್ಥಳೀಯ ಆಡಳಿತದ, ಸೆಂಡ್ (ವಿಶೇಷ ಶಿಕ್ಷಣ ಅಗತ್ಯ ಮತ್ತು ಅಂಗವೈಕಲ್ಯ) ಟೀಮಲ್ಲಿ ಕೇಸ್‌ವರ್ಕರ್. ವಿಶೇಷ ಅಗತ್ಯ ಇರೋ ಮಕ್ಕಳಿಗೆ ಏನೇನು ಸಹಾಯ ಸಿಗ್ಬೇಕು ಅಂತ ಬರೆಯೋ ಈಎಚ್‌ಸಿ ಪ್ಲಾನ್ ಇದ್ಯಲ್ಲ, ಅದನ್ನ ತಯಾರು ಮಾಡೋದೇ ನಮ್ಮ ದಿನದ ಕೆಲಸ. 2014ರ ಚಿಲ್ಡ್ರನ್ ಅಂಡ್ ಫ್ಯಾಮಿಲೀಸ್ ಆಕ್ಟ್ ಅಡಿ ಮಾಡಿರೋ ನಿಯಮಗಳ ಪ್ರಕಾರ ಅರ್ಜಿ ಬಂದ 6 ವಾರದೊಳಗೆ ಅಸೆಸ್‌ಮೆಂಟ್ ಮಾಡ್ತೀವೋ ಇಲ್ವೋ ಹೇಳ್ಬೇಕು, ಪ್ಲಾನ್ ಕೊಡೋದಾದ್ರೆ 20 ವಾರದೊಳಗೆ ಫೈನಲ್ ಕಳಿಸ್ಬೇಕು. 2023ರಲ್ಲಿ ಇಡೀ ಇಂಗ್ಲೆಂಡಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಪ್ಲಾನ್‌ಗಳು ಮಾತ್ರ ಆ ಗಡುವಿಗೆ ಸರಿಯಾಗಿ ಬಂದ್ವು. ನಮ್ದು ಇನ್ನೂ ಹಿಂದೆ ಇತ್ತು.

ಶಿಕ್ಷಣದ ತಪಾಸಣೆ ಮಾಡೋ ಆಫ್‌ಸ್ಟೆಡ್, ಆರೋಗ್ಯ ಸೇವೆಗಳ ತಪಾಸಣೆ ಮಾಡೋ ಸಿಕ್ಯೂಸಿ ಇಬ್ರೂ ಸೇರಿ ಇನ್ಸ್‌ಪೆಕ್ಷನ್‌ಗೆ ಬರ್ತಾರೆ ಅಂತ ಗೊತ್ತಾದಾಗ ಮೇಲಿನವರು ಒಂದು ಇಂಪ್ರೂವ್‌ಮೆಂಟ್ ಪ್ಲಾನ್ ಮಾಡಿದ್ರು, ಕೆಂಪು ಹಳದಿ ಹಸಿರು ಬಣ್ಣದ ದೊಡ್ಡ ಸ್ಪ್ರೆಡ್‌ಶೀಟು. ಅದರಲ್ಲಿ ಇದ್ದಿದ್ದೆಲ್ಲ ವಾರಗಳ ಲೆಕ್ಕ. ಲೆಕ್ಕ ತಪ್ಪಲ್ಲ ಬಿಡಿ, ನಾವೂ ಕೂತು ನೋಡಿದ್ವಿ, ವಾರಗಳು ಹೋಗ್ತಿದ್ದಿದ್ದು ಎಜುಕೇಷನಲ್ ಸೈಕಾಲಜಿಸ್ಟ್ ರಿಪೋರ್ಟಿಗೆ ಕಾಯೋದ್ರಲ್ಲೇ. ಅದನ್ನ 6 ವಾರದಲ್ಲಿ ಕೊಡ್ಬೇಕು, ಆದ್ರೆ ಸೈಕಾಲಜಿಸ್ಟ್‌ಗಳೇ ಇಲ್ಲ. ಹೊರಗಿನವರನ್ನ ದುಡ್ಡು ಕೊಟ್ಟು ಕರೆಸಿದ್ಮೇಲೆ ಸ್ವಲ್ಪ ಸುಧಾರಿಸ್ತು, ಅಷ್ಟೇ.

ನನಗೆ ನಿಜವಾದ ತಲೆನೋವು ಯಾವುದು ಅಂತ ಗೊತ್ತಾಗಿದ್ದು ಒಂದು ಫೋನ್ ಕಾಲಲ್ಲಿ. ಡ್ರಾಫ್ಟ್ ಕಳಿಸಿದ್ಮೇಲೆ ಪೋಷಕರಿಗೆ ಅಭಿಪ್ರಾಯ ಹೇಳೋಕೆ ಕಮ್ಮಿ ಅಂದ್ರೂ 15 ದಿನ ಟೈಮ್ ಇರುತ್ತೆ, ಆ ಟೈಮಲ್ಲಿ ಒಬ್ಬ ತಾಯಿ ಫೋನ್ ಮಾಡಿ ಪ್ಲಾನ್‌ನ ಸೆಕ್ಷನ್ ಎಫ್, ಅಂದ್ರೆ ಮಗುಗೆ ಏನು ನೆರವು ಸಿಗುತ್ತೆ ಅಂತ ಬರೆಯೋ ಭಾಗ, ಓದಿ ಹೇಳಿದ್ರು. 'ಅಗತ್ಯ ಬಿದ್ದಾಗ ಸ್ಪೀಚ್ ಥೆರಪಿ ಪಡೆಯೋ ಅವಕಾಶ ಇರುತ್ತೆ' ಅಂತ ನಾನೇ ಬರೆದಿದ್ದೆ. ಅವರು ಕೇಳಿದ್ದು ಇಷ್ಟೇ, ಯಾವಾಗ ಅಗತ್ಯ ಬೀಳುತ್ತೆ, ಯಾರು ಹೇಳ್ತಾರೆ, ವಾರಕ್ಕೆ ಎಷ್ಟು ಸಲ? ನನ್ನ ಹತ್ರ ಉತ್ತರ ಇರ್ಲಿಲ್ಲ. ಸ್ಕೂಲಲ್ಲಿ ಇಂಥ ಮಕ್ಕಳ ನೆರವು ನೋಡಿಕೊಳ್ಳೋ ಟೀಚರ್, ಅಂದ್ರೆ ಸೆನ್‌ಕೋಗೆ ಫೋನ್ ಮಾಡಿದೆ, ಅವರ ಹತ್ರಾನೂ ಇರ್ಲಿಲ್ಲ.

ಆಮೇಲೆ ನನ್ನದೇ ಹಳೇ ಪ್ಲಾನ್‌ಗಳನ್ನ ತೆಗೆದು ನೋಡಿದ್ರೆ ಎಲ್ಲಾ ಕಡೆ ಇದೇ ಮಾತುಗಳು. 'ನಿಯಮಿತವಾಗಿ', 'ಅವಕಾಶಗಳು', 'ಪ್ರಯೋಜನ ಆಗಬಹುದು'. 2015ರ ಸೆಂಡ್ ಕೋಡ್ ಆಫ್ ಪ್ರಾಕ್ಟೀಸ್ (ಸರ್ಕಾರದ ಮಾರ್ಗದರ್ಶಿ) ಇದ್ಯಲ್ಲ, ಅದರ 9.69ನೇ ಪ್ಯಾರಾ ನೋಡಿದ್ರೆ ಸೆಕ್ಷನ್ ಎಫ್‌ನಲ್ಲಿರೋ ನೆರವು ವಿವರವಾಗಿ, ನಿರ್ದಿಷ್ಟವಾಗಿ, ಸಾಮಾನ್ಯವಾಗಿ ಅಳತೆ ಸಮೇತ ಇರ್ಬೇಕು ಅಂತಿದೆ. ಆಕ್ಟ್‌ನ 42ನೇ ಸೆಕ್ಷನ್ ಪ್ರಕಾರ ಅಲ್ಲಿ ಬರೆದಿದ್ದನ್ನ ಒದಗಿಸೋ ಹೊಣೆ ಕೌನ್ಸಿಲ್ ಮೇಲೇನೇ ಇರುತ್ತೆ. ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಅಸ್ಪಷ್ಟವಾಗಿ ಬರೆಯೋ ಚಾಳಿ ಯಾಕೆ ಬೇರು ಬಿಟ್ಟಿದೆ ಅಂತ ತಾನಾಗೇ ಗೊತ್ತಾಗುತ್ತೆ. ಬರೆದಿದ್ರೆ ತಾನೇ ಕೊಡ್ಬೇಕಾಗಿರೋದು. ಯಾರೂ ಕೂತು ಸಂಚು ಮಾಡಿದ್ದಲ್ಲ ಇದು, ಹೊಸಬರು ಹಳೇ ಪ್ಲಾನ್‌ನಿಂದ ಕಾಪಿ ಪೇಸ್ಟ್ ಮಾಡ್ತಾರೆ, ನಾನೂ ಹಾಗೇ ಕಲ್ತಿದ್ದು.

ಮೂರು ಜನ ಸೇರಿ ಒಂದು ಪದಪಟ್ಟಿ ಮಾಡಿದ್ವಿ, ಆ ಪದ ಡ್ರಾಫ್ಟಲ್ಲಿ ಕಂಡ್ರೆ ವಾಪಸ್. ಆದ್ರೆ ಬರೀ ನಮ್ಮ ಬರವಣಿಗೆ ತಿದ್ದಿದ್ರೆ ಸಾಲಲ್ಲ ಅಂತ ಎರಡೇ ವಾರದಲ್ಲಿ ಗೊತ್ತಾಯ್ತು, ಯಾಕಂದ್ರೆ ಥೆರಪಿಸ್ಟ್ ರಿಪೋರ್ಟಲ್ಲೇ 'ಅಗತ್ಯ ಬಿದ್ದಾಗ' ಅಂತ ಇದ್ರೆ ನಾನು ಎಲ್ಲಿಂದ ನಿಮಿಷದ ಲೆಕ್ಕ ತರ್ಲಿ? ಥೆರಪಿಸ್ಟ್‌ಗಳಂಥ ತಜ್ಞರ ಹತ್ರ ರಿಪೋರ್ಟ್ ಕೇಳೋ ಪತ್ರಾನೇ ಬದಲಾಯಿಸಿದ್ವಿ. ಎಷ್ಟು ಸಲ, ಎಷ್ಟು ಹೊತ್ತು, ಯಾರಿಂದ, ಅವರಿಗೆ ಏನು ಟ್ರೈನಿಂಗ್ ಇರ್ಬೇಕು ಅಂತ ನೇರವಾಗಿ ಕೇಳಿದ್ವಿ. ಥೆರಪಿಸ್ಟ್‌ಗಳಿರೋ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಕಡೆಯವರು ಮೊದ್ಲು ಮುಖ ತಿರುಗಿಸಿದ್ರು, ಅವರಲ್ಲೂ ಪೋಸ್ಟ್ ಖಾಲಿ, ಬರೆದುಕೊಟ್ರೆ ಮಾಡೋರ್ಯಾರು ಅಂತ. ನ್ಯಾಯಾನೇ ಅದು. ಮಗುಗೆ ಏನು ಬೇಕೋ ಅದನ್ನ ಬರೀರಿ, ಜನ ಇದಾರೋ ಇಲ್ವೋ ನಾವು ನೋಡ್ಕೋತೀವಿ ಅಂತ ನಮ್ಮ ಮ್ಯಾನೇಜರ್ ಲಿಖಿತವಾಗಿ ಕೊಟ್ಮೇಲೇನೇ ಒಪ್ಪಿದ್ದು. ಮ್ಯಾನೇಜರ್‌ಗಳ ಬಗ್ಗೆ ನನಗೆ ದೂರು ನೂರಿದೆ, ಇದೊಂದು ವಿಷಯದಲ್ಲಿ ಮಾತ್ರ ಕೈ ಮುಗೀಬೇಕು.

ಆ ಮಗುವಿನ ಪ್ಲಾನಲ್ಲಿ ಕೊನೆಗೆ ಬಂದಿದ್ದು ಹೀಗೆ: ವಾರಕ್ಕೊಂದು ಸಲ 30 ನಿಮಿಷ ಸ್ಪೀಚ್ ಥೆರಪಿಸ್ಟ್ ಜೊತೆ, ಮಿಕ್ಕ ನಾಲ್ಕು ದಿನ ಥೆರಪಿಸ್ಟ್ ಹೇಳಿಕೊಟ್ಟ ಅಭ್ಯಾಸಗಳನ್ನ ಕ್ಲಾಸ್ ಅಸಿಸ್ಟೆಂಟ್ ಜೊತೆ 15 ನಿಮಿಷ, ಟರ್ಮ್‌ಗೊಂದು ಸಲ ರಿವ್ಯೂ.

ಆರು ತಿಂಗಳಾದ್ಮೇಲೆ ಅದೇ ತಾಯಿ ಮತ್ತೆ ಫೋನ್ ಮಾಡಿದ್ರು. ಥೆರಪಿಸ್ಟ್ ಕೆಲಸ ಬಿಟ್ಟಿದಾರೆ, ಮೂರು ವಾರ ಆಯ್ತು ಯಾರೂ ಬಂದಿಲ್ಲ. ಹಳೇ ಪ್ಲಾನ್ ಆಗಿದ್ರೆ ನಾನು 'ವಿಚಾರಿಸ್ತೀನಿ' ಅಂದು ಫೋನ್ ಇಡ್ತಿದ್ದೆ, ಮುಗೀತು. ಈಗ ಪುಟ ತೆರೆದು ನೋಡಿದ್ರೆ 30 ನಿಮಿಷ ಅಂತ ಕಣ್ಣಿಗೆ ಹೊಡೀತಿದೆ. ಪ್ರೈವೇಟ್ ಥೆರಪಿಸ್ಟ್ ಗೊತ್ತುಮಾಡ್ಬೇಕಾಯ್ತು, ವಿಶೇಷ ಅಗತ್ಯದ ಮಕ್ಕಳಿಗೆ ಅಂತ ಇರೋ ಹೈ ನೀಡ್ಸ್ ಬ್ಲಾಕ್ ಅನುದಾನದ ದುಡ್ಡಲ್ಲಿ. ಅದು ಮೊದ್ಲೇ ತೂತು ಬಿದ್ದ ಗಡಿಗೆ. ಫೈನಾನ್ಸ್‌ನವರು ಇನ್‌ವಾಯ್ಸ್ ಹಿಡ್ಕೊಂಡು ನನ್ನ ಡೆಸ್ಕ್ ಹತ್ರ ಬಂದು, ಈ 30 ನಿಮಿಷ ಬರೆದವರು ಯಾರು ಅಂತ ಕೇಳಿದ್ರು. ನಾನೇ ಅಂದೆ. ಅವರು ಏನೋ ಗೊಣಗಿಕೊಂಡು ಸೈನ್ ಹಾಕಿ ಹೋದ್ರು.

ಹಳೇ ಪ್ಲಾನ್‌ಗಳನ್ನ ಆನ್ಯುಯಲ್ ರಿವ್ಯೂ ಬಂದ ಹಾಗೆ ಒಂದೊಂದಾಗಿ ತಿದ್ದುತಿದೀವಿ. ಸೆಕೆಂಡರಿ ಸ್ಕೂಲಿಗೆ ಹೋಗೋ ಮಕ್ಕಳದ್ದು ಮೊದಲು, ಅವಕ್ಕೆ ಫೆಬ್ರವರಿ 15ರ ಗಡುವು ಇದೆ. 16 ವರ್ಷ ದಾಟಿದವರ ಪ್ಲಾನ್‌ಗಳು ಹಾಗೇ ಬಿದ್ದಿವೆ, ಅದನ್ನ ತೆಗೆದು ನೋಡೋಕೇ ಇನ್ನೂ ಧೈರ್ಯ ಬಂದಿಲ್ಲ.