ಸಂಕದಾಚೆಯ ರೋಗಿ: ಫೋನಿನಲ್ಲಿ ವೈದ್ಯಕೀಯ ಮಾಡಿದ ನನ್ನ ಅನುಭವ

ಹೊಸನಗರ ತಾಲ್ಲೂಕಿನ ಒಂದು ಹೋಬಳಿ ಊರಿನಲ್ಲಿ ನನ್ನ ಚಿಕಿತ್ಸಾಲಯವಿದೆ. ಶಿವಮೊಗ್ಗಕ್ಕೆ ಇಲ್ಲಿಂದ ಎರಡು ಗಂಟೆಯ ದಾರಿ. ಮಣಿಪಾಲಕ್ಕೆ ಹೋಗಬೇಕೆಂದರೆ ಬಾಳೆಬರೆ ಘಾಟಿ ಇಳಿಯಬೇಕು. 2020ರ ಮಾರ್ಚ್ 25ರಂದು ಲಾಕ್‌ಡೌನ್ ಆರಂಭವಾದಾಗ ನನ್ನ ಚಿಂತೆ ಕೊರೋನಾದ್ದಾಗಿರಲಿಲ್ಲ. ನಮ್ಮ ಕಡೆ ಅದು ಆಗಿನ್ನೂ ಪತ್ರಿಕೆಯ ಸುದ್ದಿಯಷ್ಟೇ. ತಿಂಗಳಿಗೊಮ್ಮೆ ಬಸ್ಸು ಹತ್ತಿ ಬಂದು ರಕ್ತದೊತ್ತಡಕ್ಕೋ ಸಕ್ಕರೆ ಕಾಯಿಲೆಗೋ ಉಬ್ಬಸಕ್ಕೋ ಔಷಧಿ ಬರೆಸಿಕೊಂಡು ಹೋಗುತ್ತಿದ್ದ ಸುಮಾರು 300 ಮಂದಿಯ ಮಾತ್ರೆಗಳು ಏಪ್ರಿಲ್ ಮೊದಲ ವಾರದೊಳಗೆ ಮುಗಿಯುತ್ತವೆ, ಬಸ್ಸು ಮಾತ್ರ ಬರುವುದಿಲ್ಲ ಎಂಬುದೇ ಚಿಂತೆಯಾಗಿತ್ತು.

ಟೆಲಿಮೆಡಿಸಿನ್ ಎಂಬ ಪದ ನನಗೆ ಹೊಸದಾಗಿರಲಿಲ್ಲ. ಇಸ್ರೋದ ಉಪಗ್ರಹದ ನೆರವಿನಿಂದ ಬೆಂಗಳೂರಿನ ಹೃದ್ರೋಗತಜ್ಞರು ಚಾಮರಾಜನಗರದ ರೋಗಿಗಳನ್ನು ನೋಡುತ್ತಿದ್ದರೆಂಬುದನ್ನು ಬಹಳ ಹಿಂದೆಯೇ ಓದಿದ್ದೆ. ಆದರೆ ನನ್ನಂಥ ಒಂಟಿ ವೈದ್ಯ ತನ್ನ ಮೊಬೈಲಿನಲ್ಲಿ ಮಾತಾಡಿ ಔಷಧಿ ಬರೆಯುವುದು ಕಾನೂನಿನ ಕಣ್ಣಿನಲ್ಲಿ ಸರಿಯೋ ತಪ್ಪೋ ಎಂಬ ಅಳುಕು ಎಲ್ಲರಲ್ಲೂ ಇತ್ತು. ಲಾಕ್‌ಡೌನ್ ಆರಂಭವಾದ ಅದೇ ಮಾರ್ಚ್ 25ರಂದು ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿಯನ್ನು ಹೊರಡಿಸಿತ್ತು. ಸಹಪಾಠಿಯೊಬ್ಬರು ಕಳುಹಿಸಿದ ಆ ಕಡತವನ್ನು ನಾನು ಎರಡು ರಾತ್ರಿ ಕುಳಿತು ಓದಿದೆ. ನೋಂದಾಯಿತ ವೈದ್ಯ ದೇಶದ ಯಾವ ಮೂಲೆಯ ರೋಗಿಗಾದರೂ ಸಲಹೆ ಕೊಡಬಹುದು, ಚೀಟಿಯ ಮೇಲೆ ನೋಂದಣಿ ಸಂಖ್ಯೆ ಇರಬೇಕು, ದಾಖಲೆ ಇಡಬೇಕು, ರೋಗಿಯೇ ಕರೆ ಮಾಡಿದರೆ ಅದನ್ನು ಒಪ್ಪಿಗೆಯೆಂದು ತಿಳಿಯಬಹುದು, ಎಳೆಯರ ವಿಷಯದಲ್ಲಿ ಜೊತೆಗೊಬ್ಬ ದೊಡ್ಡವರು ಇರಲೇಬೇಕು. ನನಗೆ ಬಹಳ ಉಪಯೋಗಕ್ಕೆ ಬಂದದ್ದು ಅದರ ಔಷಧಿ ಪಟ್ಟಿಗಳು. ಜ್ವರದ ಮಾತ್ರೆ, ಓಆರ್‌ಎಸ್‌ಗಳಂಥವನ್ನು ಯಾವ ಬಗೆಯ ಕರೆಯಲ್ಲಾದರೂ ಹೇಳಬಹುದು. ಇನ್ನು ಕೆಲವನ್ನು ಮೊದಲ ಭೇಟಿಯಾದರೆ ವಿಡಿಯೊದಲ್ಲಿ ನೋಡಿಯೇ ಬರೆಯಬೇಕು. ಮತ್ತೆ ಕೆಲವನ್ನು ಮೊದಲೇ ಮುಖತಃ ಪರೀಕ್ಷಿಸಿದ ರೋಗಿಗೆ ಮಾತ್ರ. ಅಲ್ಪ್ರಜೋಲಾಮ್‌ನಂಥ ನಿದ್ರೆಯ ಮಾತ್ರೆಗಳನ್ನು ಫೋನಿನಲ್ಲಿ ಬರೆಯುವ ಹಾಗೇ ಇಲ್ಲ. ಈ ಕೊನೆಯ ನಿಯಮದಿಂದ ನನಗಾದ ನೆಮ್ಮದಿ ಅಷ್ಟಿಷ್ಟಲ್ಲ. ಮುಖ ನೋಡಿ ಇಲ್ಲವೆನ್ನಲು ಸಂಕೋಚಪಡುತ್ತಿದ್ದ ನಾನು ಆ ಪುಟವನ್ನು ಮೇಜಿನ ಗಾಜಿನಡಿ ಇಟ್ಟುಕೊಂಡು ಧೈರ್ಯವಾಗಿ ಇಲ್ಲವೆನ್ನತೊಡಗಿದೆ.

ನಿಯಮವೇನೋ ಸಿಕ್ಕಿತು, ಕ್ರಮವನ್ನು ನಾವೇ ಕಂಡುಕೊಳ್ಳಬೇಕಿತ್ತು. ಮೊದಲ ವಾರ ಹಗಲೂ ರಾತ್ರಿ ಕರೆಗಳು ಬಂದು, ಯಾರಿಗೆ ಏನು ಹೇಳಿದೆ ಎಂಬುದೇ ಮರೆತುಹೋಗುವಂತಾದಾಗ, ಬೇರೆ ಸಿಮ್ ಒಂದನ್ನು ತೆಗೆದುಕೊಂಡು ಮಧ್ಯಾಹ್ನ 2ರಿಂದ 4ರವರೆಗೆ ಮಾತ್ರ ಕರೆ ಎಂದು ಗೊತ್ತುಮಾಡಿದೆ. ಕಡತ ಮುಂದಿಲ್ಲದೆ ಮಾತಾಡಬಾರದೆಂಬುದು ನಾನು ಹಾಕಿಕೊಂಡ ಮೊದಲ ಕಟ್ಟಳೆ. ಕಡತದಲ್ಲಿ ಹೆಸರು, ವಯಸ್ಸು, ಕಾಯಿಲೆಗಳ ಕೆಳಗೆ ಇನ್ನೂ ನಾಲ್ಕು ಸಾಲು ಸೇರಿಸಿದೆ: ಮನೆಯ ಯಾವ ಜಾಗದಲ್ಲಿ ಸಿಗ್ನಲ್ ಸಿಗುತ್ತದೆ, ಮಳೆಗಾಲದಲ್ಲಿ ದಾಟಬೇಕಾದ ಹಳ್ಳ ಯಾವುದು ಮತ್ತು ಅದಕ್ಕಿರುವುದು ಸೇತುವೆಯೋ ಅಡಿಕೆ ಮರ ಅಡ್ಡ ಹಾಕಿದ ಕಾಲುಸಂಕವೋ, ರಾತ್ರಿ ಕರೆದರೆ ಬರುವ ವಾಹನ ಯಾರ ಮನೆಯದು, ಔಷಧಿಯ ಪೊಟ್ಟಣವನ್ನು ಯಾರ ಕೈಗೆ ಕೊಟ್ಟರೆ ತಲುಪುತ್ತದೆ.

ಈ ನಾಲ್ಕು ಸಾಲುಗಳು ಕೊನೆಗೆ ನನ್ನ ವೈದ್ಯಕೀಯದ ತೀರ್ಮಾನಗಳನ್ನೇ ಬದಲಿಸಿದವು. ಚಿಕಿತ್ಸಾಲಯದಲ್ಲಿ ಕುಳಿತಾಗ ರೋಗಿ ಎದುರಿಗಿರುತ್ತಾನೆ, ದಾರಿಯ ಕಷ್ಟವನ್ನು ಅವನು ಆಗಲೇ ದಾಟಿ ಬಂದಿರುತ್ತಾನೆ. ಫೋನಿನಲ್ಲಿ ಹಾಗಲ್ಲ, ಆ ದಾರಿ ಇನ್ನೂ ನಮ್ಮಿಬ್ಬರ ನಡುವೆ ಉಳಿದಿರುತ್ತದೆ. ಜನವರಿಯ ಬೆಳಿಗ್ಗೆ ಹತ್ತು ಗಂಟೆಗೆ ಹೊಟ್ಟೆನೋವೆಂದು ಕರೆ ಬಂದರೆ, ಸಂಜೆಯವರೆಗೆ ನೋಡಿ ಮತ್ತೆ ತಿಳಿಸಿ ಎನ್ನಬಹುದು. ಅದೇ ನೋವು ಜುಲೈ ತಿಂಗಳ ಸಂಜೆ ನಾಲ್ಕಕ್ಕೆ, ಸಂಕದ ಮೇಲೆ ನೀರು ಏರುತ್ತಿರುವಾಗ ಬಂದರೆ, ಅದು ಎಷ್ಟೇ ಸಣ್ಣದಾಗಿ ಕಂಡರೂ ಈಗಲೇ ಹೊರಟು ಈಚೆ ದಡದ ನೆಂಟರ ಮನೆಗಾದರೂ ಬಂದು ಮಲಗಿ ಎನ್ನಬೇಕಾಗುತ್ತದೆ. ಕರೆ ಬಂದ ಕೂಡಲೇ ‘ಹಳ್ಳ ಹೇಗಿದೆ?’ ಎಂದು ಕೇಳುವ ವೈದ್ಯನನ್ನು ಕಂಡು ಬೆಂಗಳೂರಿನ ನನ್ನ ಸ್ನೇಹಿತರು ನಕ್ಕಿದ್ದುಂಟು. ನನಗಂತೂ ಆ ಪ್ರಶ್ನೆ ನಾಡಿ ಹಿಡಿದಷ್ಟೇ ಮುಖ್ಯವಾದುದು.

ಆ ಏಪ್ರಿಲ್‌ನಲ್ಲಿ ಔಷಧಿಗಳು ಹಾಲಿನ ವಾಹನದಲ್ಲಿ ಪ್ರಯಾಣ ಮಾಡಿದವು. ಚೀಟಿಯ ಚಿತ್ರವನ್ನು ಔಷಧಿ ಅಂಗಡಿಗೆ ವಾಟ್ಸ್‌ಆಪ್ ಮಾಡುವುದು, ಅಂಗಡಿಯವರು ಪೊಟ್ಟಣದ ಮೇಲೆ ಮನೆತನದ ಹೆಸರು ಬರೆದು ಡೇರಿಗೆ ತಲುಪಿಸುವುದು, ಡೇರಿಯಿಂದ ಹಾಲು ತಂದವರ ಕೈಯಲ್ಲಿ ಮನೆಗೆ. ಓದಲು ಬಾರದವರ ಪೊಟ್ಟಣದ ಮೇಲೆ ಸೂರ್ಯ, ಚಂದ್ರರ ಚಿತ್ರ ಬರೆಯಿಸುತ್ತಿದ್ದೆ. ಅಮಾವಾಸ್ಯೆಯ ದಿನ ಚಂದ್ರನ ಮಾತ್ರೆ ಬಿಡಬೇಕೇ ಎಂದು ಒಬ್ಬ ಅಜ್ಜಿ ಕೇಳಿದಾಗ, ಬರಹಕ್ಕಿಂತ ಚಿತ್ರ ಸುಲಭವೆಂಬ ನನ್ನ ಭ್ರಮೆ ಸ್ವಲ್ಪ ಕಡಿಮೆಯಾಯಿತು.

ರಕ್ತದೊತ್ತಡದ ರೋಗಿಗಳಿಗೆ ಫೋನಿನ ಪದ್ಧತಿ ನಿಜವಾಗಿ ಒಗ್ಗಿಬಂತು. ತೋಳಿಗೆ ಕಟ್ಟುವ ವಿದ್ಯುನ್ಮಾನ ಉಪಕರಣವನ್ನು ಎರಡು ಮೂರು ಮನೆಗಳವರು ಸೇರಿ ಕೊಳ್ಳುವಂತೆ ಹೇಳಿದೆ. ಮಣಿಕಟ್ಟಿಗೆ ಕಟ್ಟುವಂಥದ್ದನ್ನು ಬೇಡವೆಂದೆ. ಅಳೆಯುವ ಕ್ರಮವನ್ನು ವಿಡಿಯೊದಲ್ಲಿ ಒಬ್ಬೊಬ್ಬರಿಗೂ ಮಾಡಿ ತೋರಿಸಿದೆ: ಕಾಫಿ, ಕವಳ ಎರಡೂ ಇಲ್ಲದೆ ಅರ್ಧ ಗಂಟೆ ಕಳೆದಿರಬೇಕು, ಬೆನ್ನಿಗೆ ಒರಗು ಕೊಟ್ಟು ಐದು ನಿಮಿಷ ಸುಮ್ಮನೆ ಕೂರಬೇಕು, ಕಾಲ ಮೇಲೆ ಕಾಲು ಹಾಕಬಾರದು, ತೋಳು ಎದೆಯ ಮಟ್ಟದಲ್ಲಿರಬೇಕು, ಮಾತಾಡಬಾರದು. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಹೀಗೆ ಏಳು ದಿನ ಅಳೆದು, ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯುತ್ತೇನೆ. ಮನೆಯಲ್ಲಿ ಅಳೆದಾಗ 135/85ನ್ನು ಮೀರಿದರೆ ಅದು ಚಿಕಿತ್ಸಾಲಯದ 140/90ಕ್ಕೆ ಸಮ. ಜನ ಅಂಕಿಗಳನ್ನು ಕ್ಯಾಲೆಂಡರಿನ ಚೌಕಗಳಲ್ಲಿ ಬರೆದು ಚಿತ್ರ ಕಳುಹಿಸತೊಡಗಿದರು. ಹೀಗೆ ನೋಡಿದಾಗ, ನನ್ನ ಎದುರು ಕುಳಿತಾಗ ಮಾತ್ರ ಒತ್ತಡ ಏರುತ್ತಿದ್ದ, ಬಸ್ಸಿನ ಗಡಿಬಿಡಿಯಲ್ಲಿ ಓಡಿಬಂದು ಅಳೆಸಿಕೊಳ್ಳುತ್ತಿದ್ದ ಕೆಲವರಿಗೆ ನಾನು ಅನಗತ್ಯವಾಗಿ ಎರಡನೆಯ ಮಾತ್ರೆ ಕೊಟ್ಟಿದ್ದೆನೆಂಬುದು ತಿಳಿಯಿತು. ಇನ್ನು ಅಪ್ಪೆಮಿಡಿ ಉಪ್ಪಿನಕಾಯಿ. ಊಟದ ವಿಚಾರ ಕೇಳಿದರೆ ಚಿಕಿತ್ಸಾಲಯದಲ್ಲಿ ಎಲ್ಲರೂ ಒಂದೇ ಮಿಡಿ ಎನ್ನುತ್ತಿದ್ದರು. ವಿಡಿಯೊ ಕರೆಯಲ್ಲಿ ಹಿಂದಿನ ನಾಗಂದಿಗೆಯ ಮೇಲಿನ ಭರಣಿಗಳ ಸಾಲು ಕಾಣುತ್ತಿತ್ತು.

2021ರ ಏಪ್ರಿಲ್, ಮೇ ತಿಂಗಳುಗಳ ಎರಡನೆಯ ಅಲೆಯಲ್ಲಿ ಕೆಲಸದ ಸ್ವರೂಪವೇ ಬೇರೆಯಾಯಿತು. ಆಶಾ ಕಾರ್ಯಕರ್ತೆಯರು ಮನೆಮನೆಗೆ, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕದ ಪ್ರಮಾಣ ನೋಡುವ ಪಲ್ಸ್ ಆಕ್ಸಿಮೀಟರ್ ಒಯ್ಯುತ್ತಿದ್ದರು. ಅವರ ಕೈಗಳೇ ನನ್ನ ಕೈಗಳಾದವು. ಅಡಿಕೆ ಸುಲಿದು ಕಪ್ಪುಗಟ್ಟಿದ, ತಣ್ಣಗಿನ ಬೆರಳುಗಳಲ್ಲಿ ಬರುವ ಅಂಕಿಯನ್ನು ತಕ್ಷಣ ನಂಬಬಾರದೆಂದು ಬೇಗನೆ ಕಲಿತೆವು. ಕೈಯನ್ನು ಬಿಸಿನೀರಿನಲ್ಲಿ ತೊಳೆಸಿ, ಉಜ್ಜಿಸಿ, ಅಂಕಿ ಅರ್ಧ ನಿಮಿಷ ನಿಂತ ಮೇಲೆ ಓದುವುದು. 94ಕ್ಕಿಂತ ಕಡಿಮೆಯಾದರೆ ಆಸ್ಪತ್ರೆ. 95, 96 ಇದ್ದವರನ್ನು ಅಂಗಳದಲ್ಲಿ ಆರು ನಿಮಿಷ ನಡೆಸಿ ಮತ್ತೆ ನೋಡುವುದು. ಕುಳಿತಾಗ ಚೆನ್ನಾಗಿದ್ದು ನಡೆದ ಮೇಲೆ ನಾಲ್ಕೈದು ಅಂಕಿ ಕುಸಿದವರನ್ನು ಅಂದೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳುಹಿಸಿದೆವು. ಉಸಿರಾಟವನ್ನು ಎಣಿಸುತ್ತಿದ್ದೇನೆಂದು ರೋಗಿಗೆ ಹೇಳಬಾರದು, ಹೇಳಿದರೆ ಉಸಿರಿನ ಲಯವೇ ಬದಲಾಗುತ್ತದೆ. ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಒರಗಿ ಎಂದು ಹೇಳಿ, ಆ ಕೈ ಏರಿಳಿಯುವುದನ್ನು ಒಂದು ಪೂರ್ತಿ ನಿಮಿಷ ಎಣಿಸುತ್ತಿದ್ದೆ. ಚಿತ್ರ ನಿಂತು ನಿಂತು ಬರುವ ಕಡೆ ಈ ಉಪಾಯ ಕೆಲಸಕ್ಕೆ ಬಾರದು. ಅಲ್ಲಿ ಆಶಾ ಕಾರ್ಯಕರ್ತೆಯೇ ಎಣಿಸಿ ಹೇಳಬೇಕಿತ್ತು.

ನಾನು ಎಡವಿದ ಪ್ರಸಂಗವನ್ನೂ ಇಲ್ಲಿ ಬರೆಯಲೇಬೇಕು. 2022ರ ಫೆಬ್ರವರಿಯಲ್ಲಿ, ಓಮೈಕ್ರಾನ್‌ನ ಜ್ವರ ಮನೆಮನೆಯಲ್ಲಿದ್ದಾಗ, ನಡುವಯಸ್ಸಿನ ಒಬ್ಬ ಕೃಷಿಕ ಚಳಿ ಜ್ವರ, ತಲೆನೋವು, ಮೈಕೈ ನೋವೆಂದು ಕರೆ ಮಾಡಿದ. ಅಂದು ಅಂಥ ಹನ್ನೊಂದನೆಯ ಕರೆ ಅದು. ಪ್ಯಾರಸಿಟಮಾಲ್ ಹೇಳಿ, ಪ್ರತ್ಯೇಕವಾಗಿರಲು ತಿಳಿಸಿ ಇಟ್ಟುಬಿಟ್ಟೆ. ನಾಲ್ಕನೆಯ ದಿನ ಅವನ ಹೆಂಡತಿ ಕಳುಹಿಸಿದ ಚಿತ್ರದಲ್ಲಿ ಕಣ್ಣುಗಳು ಕೆಂಡದಂತಿದ್ದವು, ವಸಡಿನಲ್ಲಿ ರಕ್ತದ ಗುರುತಿತ್ತು. ಆಮೇಲೆ ಕೇಳಿದಾಗ ತಿಳಿಯಿತು, ಆತ ವಾರದ ಹಿಂದೆ ಕೊಟ್ಟಿಗೆಗೆ ದರಕು, ಅಂದರೆ ಒಣಗಿದ ಎಲೆ ತರಲು ಸೊಪ್ಪಿನ ಬೆಟ್ಟಕ್ಕೆ ಹೋಗಿದ್ದ. ಆಸುಪಾಸಿನಲ್ಲಿ ಮಂಗವೊಂದು ಸತ್ತಿದ್ದ ವಾಸನೆಯೂ ಬಂದಿತ್ತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ನಮ್ಮ ಜಿಲ್ಲೆಯದೇ ರೋಗ, ಉಣುಗಿನಿಂದ (ಉಣ್ಣೆ ಹುಳದಿಂದ) ಹರಡುವಂಥದ್ದು, ಬೇಸಿಗೆಯ ತಿಂಗಳುಗಳಲ್ಲೇ ಹೆಚ್ಚು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಮಾಡಿದ ಸಾವುನೋವು ನನಗೆ ಚೆನ್ನಾಗಿ ನೆನಪಿತ್ತು. ಆದರೂ ಕೇಳಲಿಲ್ಲ. ಅವನನ್ನು ಮಣಿಪಾಲಕ್ಕೆ ಕಳುಹಿಸಿದೆವು, ಹನ್ನೆರಡು ದಿನಗಳ ನಂತರ ಗುಣವಾಗಿ ಮರಳಿದ. ಅವನು ಚಿಕಿತ್ಸಾಲಯಕ್ಕೇ ಬಂದಿದ್ದರೆ, ಅವನ ಅಂಗಿಗೆ ಅಂಟಿದ ಎಲೆಚೂರೋ ಕಾಲಿನ ಮೇಲಿನ ಕಡಿತದ ಗುರುತೋ ನನ್ನನ್ನು ಎಚ್ಚರಿಸುತ್ತಿದ್ದವೇನೋ. ಫೋನಿನಲ್ಲಿ ನಾವು ಕೇಳಿದ್ದಕ್ಕಷ್ಟೇ ಉತ್ತರ ಬರುತ್ತದೆ. ಅಂದಿನಿಂದ ಡಿಸೆಂಬರಿನಿಂದ ಜೂನ್‌ವರೆಗೆ ಯಾವ ಜ್ವರದ ಕರೆಗಾದರೂ ಮೂರು ಪ್ರಶ್ನೆಗಳು ಕಡ್ಡಾಯ: ಕಾಡಿಗೆ ಹೋಗಿದ್ದಿರಾ, ಉಣುಗು ಕಚ್ಚಿದೆಯೇ, ಮಂಗ ಸತ್ತಿದೆಯೇ. ಮಳೆಗಾಲದಲ್ಲಿ ಅದರ ಜಾಗಕ್ಕೆ ಇಲಿಜ್ವರದ ಪ್ರಶ್ನೆ ಬರುತ್ತದೆ: ಕಾಲಿನಲ್ಲಿ ಗಾಯವಿಟ್ಟುಕೊಂಡು ಗದ್ದೆಗೆ ಇಳಿದಿದ್ದಿರಾ. ಮೈಕೈ ನೋವಿಗೆಂದು ಅಂಗಡಿಯಿಂದ ಬೇರೆ ನೋವಿನ ಮಾತ್ರೆ ತಂದು ನುಂಗಬೇಡಿ, ರಕ್ತಸ್ರಾವ ಹೆಚ್ಚೀತು ಎಂಬ ಮಾತನ್ನೂ ಸೇರಿಸುತ್ತೇನೆ.

ಎದೆನೋವಿಗೆ ಫೋನಿನಲ್ಲಿ ಚಿಕಿತ್ಸೆಯಿಲ್ಲ. ‘ಗ್ಯಾಸ್ಟ್ರಿಕ್ ಇರಬೇಕು ಡಾಕ್ಟ್ರೆ’ ಎಂದು ಅವರೇ ನಿರ್ಣಯ ಹೇಳಿದರೂ ನಾನು ಒಪ್ಪುವುದಿಲ್ಲ. ಹತ್ತಿರದಲ್ಲಿ ಇಸಿಜಿ ಎಲ್ಲಿದೆಯೋ ಅಲ್ಲಿಗೆ ಹೋಗಲೇಬೇಕು. ಇಸಿಜಿ ತೆಗೆದ ಮೇಲೆ ಮಾತ್ರ ದೂರದ ತಜ್ಞರಿಂದ ಪ್ರಯೋಜನ. ಮಂಗಳೂರಿನ ಹೃದ್ರೋಗತಜ್ಞ ಡಾ. ಪದ್ಮನಾಭ ಕಾಮತ್ ಅವರು ಕೋವಿಡ್‌ಗೂ ಮೊದಲೇ ಗ್ರಾಮೀಣ ವೈದ್ಯರ ವಾಟ್ಸ್‌ಆಪ್ ಗುಂಪುಗಳನ್ನು ಕಟ್ಟಿ, ಹಳ್ಳಿಯ ಆಸ್ಪತ್ರೆಗಳಿಗೆ ಇಸಿಜಿ ಯಂತ್ರ ಒದಗಿಸಿ, ಚಿತ್ರ ಕಳುಹಿಸಿದ ನಿಮಿಷಗಳಲ್ಲಿ ಉತ್ತರ ಸಿಗುವಂತೆ ಮಾಡಿದ್ದರು. ಈಗ ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದಿಂದಲೇ ಓದಿ, ಹೃದಯಾಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿದೆ. ನನ್ನ ಮಟ್ಟಿಗೆ ದೂರವೈದ್ಯಕೀಯದ ಅತ್ಯುತ್ತಮ ಬಳಕೆ ಇದೇ, ಏಕೆಂದರೆ ಇಲ್ಲಿ ಎರಡೂ ತುದಿಯಲ್ಲಿ ವೈದ್ಯರಿದ್ದಾರೆ. ಸರ್ಕಾರದ ಇ-ಸಂಜೀವಿನಿ ಕೂಡ 2019ರ ನವೆಂಬರಿನಲ್ಲಿ ಆರಂಭವಾದದ್ದು ಹೀಗೆ ಆರೋಗ್ಯ ಕೇಂದ್ರದಿಂದ ವೈದ್ಯರಿಗೆ ಸಂಪರ್ಕ ಕಲ್ಪಿಸಲೆಂದೇ. ಮನೆಯಿಂದ ರೋಗಿಯೇ ಕರೆ ಮಾಡುವ ಸೌಲಭ್ಯ ಸೇರಿದ್ದು 2020ರ ಏಪ್ರಿಲ್‌ನಲ್ಲಿ. ಮನಸ್ಸಿನ ತೊಂದರೆಯವರಿಗೆ 2022ರ ಅಕ್ಟೋಬರಿನಿಂದ ಟೆಲಿಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಬರೆದುಕೊಡುತ್ತಿದ್ದೇನೆ. ಊರಿನಲ್ಲಿ ಯಾರ ಕಣ್ಣಿಗೂ ಬೀಳದೆ ಮಾತಾಡಬಹುದೆಂಬುದೇ ಅದರ ದೊಡ್ಡ ಅನುಕೂಲ.

ನಾನು ಎಣಿಸಿರದ ಒಂದು ತೊಡಕು ಬೆಂಗಳೂರಿನಿಂದ ಬಂತು. ಮನೆಯಿಂದಲೇ ಕೆಲಸ ಮಾಡುತ್ತಿದ್ದ ಮಕ್ಕಳು ಊರಲ್ಲಿದ್ದಷ್ಟು ದಿನ ತಂದೆತಾಯಿಯರ ವಿಡಿಯೊ ಕರೆ ಸುಗಮವಾಗಿತ್ತು. ಅವರು ಮರಳಿ ನಗರಕ್ಕೆ ಹೋದ ಮೇಲೆ ಮೂವರ ಕರೆ ಶುರುವಾಯಿತು: ಮಗ ಬೆಂಗಳೂರಿನಲ್ಲಿ, ತಾಯಿ ಊರಿನಲ್ಲಿ, ನಾನು ಇಲ್ಲಿ. ಮಗ ಅಂತರ್ಜಾಲದಲ್ಲಿ ಓದಿದ್ದನ್ನೆಲ್ಲ ಕೇಳುತ್ತಾನೆ. ಮಗನಿಗೆ ಚಿಂತೆಯಾಗಬಾರದೆಂದು ತಾಯಿ ಎಲ್ಲದಕ್ಕೂ ‘ಈಗ ಅಡ್ಡಿಯಿಲ್ಲ’ ಎನ್ನುತ್ತಾಳೆ. ಅಂಥ ಕರೆಯ ಅರ್ಧ ಗಂಟೆಯ ನಂತರ ನಾನೇ ತಾಯಿಗೆ ಪ್ರತ್ಯೇಕವಾಗಿ ಕರೆ ಮಾಡುತ್ತೇನೆ. ರಾತ್ರಿ ನಾಲ್ಕು ಸಲ ಏಳಬೇಕಾಗುವುದು, ಬಚ್ಚಲಲ್ಲಿ ಜಾರಿಬಿದ್ದದ್ದು, ಮಾತ್ರೆಯನ್ನು ಒಂದು ದಿನ ಬಿಟ್ಟು ಒಂದು ದಿನ ನುಂಗುತ್ತಿರುವುದು ಎಲ್ಲವೂ ಆಗ ಹೊರಬರುತ್ತವೆ. ಈ ಎರಡನೆಯ ಕರೆಗೆ ಶುಲ್ಕವಿಲ್ಲ. ನಿಜ ಹೇಳಬೇಕೆಂದರೆ ಮೊದಲನೆಯದಕ್ಕೂ ಕೊಡುವವರು ಕಡಿಮೆ. ಫೋನಿನಲ್ಲಿ ಆಡಿದ್ದು ಮಾತೇ ಹೊರತು ಚಿಕಿತ್ಸೆಯಲ್ಲವೆಂಬುದು ನಮ್ಮವರ ಗಟ್ಟಿ ನಂಬಿಕೆ. ಆದರೆ ಹಲಸು, ಬಾಳೆಗೊನೆ ಮಾತ್ರ ತಪ್ಪದೆ ಬರುತ್ತವೆ.

ಈಗ ದಿನಕ್ಕೆ ಆರೇಳು ಕರೆಗಳಿವೆ. ಎಂದೂ ಮುಟ್ಟಿ ನೋಡಿರದ ರೋಗಿಗೆ ಫೋನಿನಲ್ಲಿ ಹೊಸ ಚಿಕಿತ್ಸೆ ಆರಂಭಿಸುವುದಿಲ್ಲ. ಹಳೆಯ ರೋಗಿಯಾದರೂ ಎರಡು ಕರೆಗಳ ನಂತರ ಮೂರನೆಯ ಸಲ ಖುದ್ದಾಗಿ ಬರಬೇಕು, ಸಕ್ಕರೆ ಕಾಯಿಲೆಯವರು ಚಪ್ಪಲಿ ಬಿಚ್ಚಿ ಪಾದ ತೋರಿಸಬೇಕು. ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆಯಿಂದ ಬರುವ ಒಬ್ಬ ಹಳೆಯ ರೋಗಿಯ ಕಡತದಲ್ಲಿ, ಸಾಗರದ ಆಸ್ಪತ್ರೆಗೆ ಹೋಗಬೇಕಾದರೆ ಸಂಜೆಯ ಕೊನೆಯ ಲಾಂಚಿಗೆ ಮೊದಲೇ ಹೊರಡಿಸಬೇಕು ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೆ. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾದ ಮೇಲೆ ಆ ಸಾಲನ್ನು ಹೊಡೆದುಹಾಕಿದೆ. ಅದರ ಮೇಲಿನ ಸಾಲು ಹಾಗೆಯೇ ಇದೆ: ಸಿಗ್ನಲ್, ಕೊಟ್ಟಿಗೆಯ ಹಿಂದಿನ ದಿಬ್ಬ, ಹಲಸಿನ ಮರದ ಬುಡ, ಮಳೆಯಿಲ್ಲದಿದ್ದರೆ.