ತೋಟದ ಕೆಲಸ ಮತ್ತು ಸಂತ ಬೆನೆಡಿಕ್ಟರ ನಿಯಮ

ವಿರಾಜಪೇಟೆ ಹತ್ತಿರದ ಕಾಫಿ ತೋಟವೊಂದರಲ್ಲಿ ನಾನು ರೈಟರ್. ಹಾಜರಿ, ಕೊಯ್ಲಿನ ತೂಕ, ಗೊಬ್ಬರದ ಲೆಕ್ಕ ಎಲ್ಲ ನನ್ನ ಕೈಯಲ್ಲೇ. ಇಷ್ಟನ್ನೂ ಗಡಿಬಿಡಿ ಇಲ್ಲದೆ ನಡೆಸೋದನ್ನು ಕಲಿಸಿದವರು ಸಂತ ಬೆನೆಡಿಕ್ಟರು. ಆರನೇ ಶತಮಾನದಲ್ಲಿ ಇಟಲಿಯ ಮೊಂಟೆ ಕಸಿನೊದಲ್ಲಿ ಮಠ ಕಟ್ಟಿದವರು. ಸನ್ಯಾಸಿಗಳಿಗಾಗಿ ಅವರು ಬರೆದ ನಿಯಮದಲ್ಲಿ 73 ಅಧ್ಯಾಯಗಳಿವೆ.

ಕೈಕೆಲಸದ ಮಾತು ಬರೋದು 48ರಲ್ಲಿ. ಅಲ್ಲಿ ವರ್ಷವಿಡೀ ಒಂದೇ ವೇಳಾಪಟ್ಟಿ ಇಲ್ಲ. ಈಸ್ಟರ್‌ನಿಂದ ಅಕ್ಟೋಬರ್‌ವರೆಗೆ ಬೆಳಿಗ್ಗೆ ಮೊದಲು ಕೆಲಸ, ಆಮೇಲೆ ಓದು, ಊಟದ ನಂತರ ವಿಶ್ರಾಂತಿ. ಚಳಿಗಾಲದಲ್ಲಿ ಓದು ಮೊದಲು, ಕೆಲಸ ಆಮೇಲೆ. ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ನಾನೂ ಹಾಗೇ ಮಾಡಿಕೊಂಡೆ. ಕೊಯ್ಲಿನ ಕಾಲದಲ್ಲಿ ಬೆಳಗಿನ ಹೊತ್ತೆಲ್ಲ ತೋಟಕ್ಕೆ, ಕಣಕ್ಕೆ. ಪುಸ್ತಕ ಬಿಚ್ಚೋದು ಸಂಜೆ ಹಣ್ಣು ತೂಗಿದ ಮೇಲೆ. ಜೂನ್, ಜುಲೈ ಮಳೆಯಲ್ಲಿ ಬೆಳಿಗ್ಗೆ ಲೆಕ್ಕ, ಮಳೆ ಬಿಟ್ಟಾಗ ತೋಟಕ್ಕೆ ಒಂದು ಸುತ್ತು.

ನನಗೆ ಜಾಸ್ತಿ ಉಪಯೋಗವಾಗಿದ್ದು ಸಲಕರಣೆಗಳ ಬಗ್ಗೆ ಅವರು ಹೇಳಿದ್ದು. ಮಠದ ಸಾಮಾನನ್ನೆಲ್ಲ ಪೂಜಾಪೀಠದ ಪಾತ್ರೆಗಳ ಹಾಗೆ ನೋಡಿಕೊಳ್ಳಬೇಕು. ಏನು ಕೊಟ್ಟಾಯ್ತು, ಏನು ವಾಪಸ್ ಬಂತು ಅಂತ ಮಠಾಧಿಪತಿಯ ಹತ್ತಿರ ಪಟ್ಟಿ ಇರಬೇಕು. ಇದನ್ನು ಓದಿದ ಮೇಲೆ ಸ್ಟೋರ್ ಬಾಗಿಲಿಗೆ ಒಂದು ನೋಟ್‌ಬುಕ್ ಕಟ್ಟಿದೆ. ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯೋ ಕೆಲಸ, ಶುರುವಾದರೆ ಕತ್ತಿ, ಹಗ್ಗ, ಏಣಿ ಯಾರ ಕೈಗೆ ಹೋಯ್ತು ಅಂತ ಅದರಲ್ಲಿ ಇರುತ್ತೆ. ಸಂಜೆ ಕತ್ತಿಗೆ ಹತ್ತಿದ ಮರದ ಅಂಟು ಒರೆಸಿ, ಬಾಯಿ ನೋಡಿ, ಎಣ್ಣೆ ಸವರಿ ಒಳಗಿಡುತ್ತೇವೆ. ಹಗ್ಗ ಸವೆದಿದೆಯಾ ಅಂತ ಮೊಳಮೊಳವಾಗಿ ಕೈಯಾಡಿಸಿ ನೋಡುತ್ತೇವೆ. ಮರದ ಮೇಲೆ ಹತ್ತುವವರ ಜೀವ ಅದರಲ್ಲೇ ಇರೋದು. ಈಗ ಕೆಲಸದವರೇ ಬಂದು, "ರೈಟರೇ, ನನ್ನ ಕತ್ತಿ ಹಿಡಿ ಸಡಿಲ ಆಗಿದೆ, ಬರ್ಕೊಳ್ಳಿ" ಅನ್ನುತ್ತಾರೆ. ಬೆಳಿಗ್ಗೆ ಏಣಿ ಹುಡುಕೋದು ನಿಂತಿದೆ.

ಕಷ್ಟದ್ದು 43ನೇ ಅಧ್ಯಾಯ. ಪ್ರಾರ್ಥನೆಯ ಗಂಟೆ ಕೇಳಿದ ಕೂಡಲೇ ಕೈಯಲ್ಲಿದ್ದದ್ದನ್ನು ಅರ್ಧಕ್ಕೇ ಬಿಟ್ಟು ಹೊರಡಬೇಕು. ಲೆಕ್ಕ ತಾಳೆ ಆಗದೆ ಎದ್ದು ಹೋಗೋಕೆ ಮನಸ್ಸು ಒಪ್ಪಲ್ಲ. ಆದರೂ ಮನೆಯಲ್ಲಿ ಜಪಮಾಲೆಯ ಹೊತ್ತಾದರೆ ಪುಸ್ತಕ ಮುಚ್ಚುತ್ತೇನೆ. ರಾತ್ರಿ ಹೊತ್ತು ಹಟಕ್ಕೆ ಕೂಡಿದ ಮೊತ್ತಕ್ಕಿಂತ ಬೆಳಿಗ್ಗೆ ಕೂಡಿದ್ದೇ ಸರಿ ಬರುತ್ತೆ.

ಮಲಗುವ ಮುಂಚೆ ಮಾಡೋದು ಮಾತ್ರ ಯೇಸು ಸಭೆ (ಜೆಸ್ವಿಟ್) ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲರಿಂದ ಬಂದದ್ದು. ದಿನವನ್ನು ಗಂಟೆಗಂಟೆಯಾಗಿ ನೆನೆದು, ಮೊದಲು ದೇವರಿಗೆ ಕೃತಜ್ಞತೆ, ಆಮೇಲೆ ಎಲ್ಲಿ ಎಡವಿದೆ ಅಂತ ಪರಿಶೀಲನೆ, ಕೊನೆಗೆ ನಾಳೆಯ ನಿರ್ಧಾರ. ಆ ನಿರ್ಧಾರವನ್ನು ಹಾಜರಿ ಪುಸ್ತಕದ ಅಂಚಿನಲ್ಲಿ ಬರೆದಿಡುತ್ತೇನೆ. ಬೆಳಿಗ್ಗೆ ಹೆಸರು ಕರೆಯುವಾಗ ಮೊದಲು ಕಣ್ಣಿಗೆ ಬೀಳೋದು ಅದೇ.