ಜರ್ಮನಿಯಲ್ಲಿ ವೈಪರಿಗೆ ಚೀಟಿ ಸಿಕ್ಕಿಸಿ ಮನೆಗೆ ಹೋಗಬೇಡಿ

ವರ್ಷಕ್ಕೊಮ್ಮೆ ನಾನು ಜರ್ಮನಿಯಿಂದ ಶಿರಸಿಗೆ ಬಂದರೆ ನಮ್ಮನೆ ಜಗಲಿ ಹದಿನೈದು ದಿನ ಜರ್ಮನ್ ಕಾನ್ಸುಲೇಟ್ ಆಗಿಬಿಡುತ್ತದೆ. ಕುಮಟಾ, ಸಿದ್ದಾಪುರ, ಒಮ್ಮೊಮ್ಮೆ ಕಾರವಾರದಿಂದಲೂ ಜರ್ಮನಿಗೆ ಹೊರಟ ಹುಡುಗರು ಬರುತ್ತಾರೆ. ಜೊತೆಗೆ ಅಪ್ಪ, ಅಮ್ಮ. ವೀಸಾ, ಬ್ಲಾಕ್ಡ್ ಅಕೌಂಟ್ (ಅಲ್ಲಿನ ಖರ್ಚಿಗೆಂದು ಮೊದಲೇ ದುಡ್ಡು ಕಟ್ಟಿಡುವ ಖಾತೆ), ಅಪ್ಪೆಮಿಡಿ ಉಪ್ಪಿನಕಾಯಿಯನ್ನು ವಿಮಾನದಲ್ಲಿ ಬಿಡ್ತಾರಾ ಇತ್ಯಾದಿ ಎಲ್ಲ ಕೇಳುತ್ತಾರೆ. ಅರ್ಧ ಅವರಿಗೇ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಕಾರಿನ ವಿಷಯ ಮಾತ್ರ ಯಾರೂ ಎತ್ತುವುದಿಲ್ಲ. ಎರಡು ವರ್ಷ ಬಿಟ್ಟು ಫೋನ್ ಬರುತ್ತದೆ. "ಅಣ್ಣಾ, ಪೊಲೀಸರಿಂದ ಒಂದು ಕಾಗದ ಬಂದಿದೆ, ಏನು ಅಂತ ಸ್ವಲ್ಪ ಓದಿ ಹೇಳ್ತೀರಾ?"

ಇಲ್ಲಿಯವರೆಗೆ ಮೂರು ಜನ ಹೀಗೆ ಫೋನ್ ಮಾಡಿದ್ದಾರೆ. ಮೂವರೂ ಮಾಡಿದ್ದು ನಾನು ಮಾಡಿದ ತಪ್ಪನ್ನೇ.

ನನ್ನದು ಆಗಿದ್ದು ಒಂದು ಸೂಪರ್ ಮಾರ್ಕೆಟ್ಟಿನ ಪಾರ್ಕಿಂಗಿನಲ್ಲಿ. ನವೆಂಬರ್ ಸಂಜೆ, ಜಿಟಿಜಿಟಿ ಮಳೆ. ರಿವರ್ಸ್ ತೆಗೆಯುವಾಗ ಪಕ್ಕದ ಬೂದು ಕಾರಿನ ಬಂಪರಿಗೆ ತಾಗಿತು. ಇಳಿದು ನೋಡಿದೆ. ಅಂಗೈಯಷ್ಟು ಗೀರು. ಹತ್ತು ನಿಮಿಷ ನಿಂತೆ, ಕಾರಿನವರು ಬರಲಿಲ್ಲ. ಬಿಲ್ಲಿನ ಹಿಂದೆ ಹೆಸರು, ಫೋನ್ ನಂಬರ್, "ಕ್ಷಮಿಸಿ, ಖರ್ಚು ನಾನು ಕೊಡುತ್ತೇನೆ" ಎಂದು ಬರೆದು ವೈಪರಿಗೆ ಸಿಕ್ಕಿಸಿ ಮನೆಗೆ ಬಂದೆ. ನನ್ನ ಪ್ರಾಮಾಣಿಕತೆಗೆ ನಾನೇ ಬೆನ್ನು ತಟ್ಟಿಕೊಂಡೆ. ಯಾಕೆ ಅಂದರೆ ನಮ್ಮೂರಲ್ಲಿ ಅಷ್ಟನ್ನಾದರೂ ಯಾರು ಮಾಡುತ್ತಾರೆ? ಮಾರಿಕಾಂಬಾ ಜಾತ್ರೆಯಲ್ಲಿ ನಮ್ಮಣ್ಣನ ಕಾರನ್ನು ಮುಂದಿನ ಬಾಗಿಲಿನಿಂದ ಹಿಂದಿನ ಬಾಗಿಲಿನವರೆಗೆ ಯಾರೋ ಗೀಚಿಕೊಂಡು ಹೋಗಿದ್ದರು. ಅಣ್ಣ ಐದು ನಿಮಿಷ ಬೈದ, ಬಿಡಕಿಬೈಲಿಗೆ ಹೋಗಿ ದೇವಿಗೆ ಕೈಮುಗಿದು ಬಂದ. ಕಥೆ ಮುಗಿಯಿತು.

ನನ್ನ ಕಥೆ ಮೂರು ವಾರದ ನಂತರ ಶುರುವಾಯಿತು. ಎದುರಿನ ಬಾಲ್ಕನಿಯಲ್ಲಿ ನಿಂತಿದ್ದ ಅಜ್ಜಿಯೊಬ್ಬರು ನನ್ನ ನಂಬರ್ ಪ್ಲೇಟ್ ಬರೆದಿಟ್ಟುಕೊಂಡಿದ್ದರು. ಚೀಟಿ ಮಳೆಗೆ ಮುದ್ದೆಯಾಗಿತ್ತೋ, ಗಾಳಿಗೆ ಹಾರಿತ್ತೋ, ಗೊತ್ತಿಲ್ಲ. ಪೊಲೀಸರ ಕಾಗದದಲ್ಲಿ ನನ್ನನ್ನು ಆರೋಪಿ ಎಂದು ಕರೆದಿದ್ದರು.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಜರ್ಮನ್ ದಂಡ ಸಂಹಿತೆಯ 142ನೇ ಕಲಮು ಇದಕ್ಕೆಂದೇ ಇದೆ. ಆಡುಮಾತಿನಲ್ಲಿ ಫಾರರ್‌ಫ್ಲುಖ್ಟ್ ಅನ್ನುತ್ತಾರೆ, ಅಂದರೆ ಡ್ರೈವರ್ ಓಡಿಹೋಗುವುದು. ಮೂರು ವರ್ಷದವರೆಗೆ ಜೈಲು ಅಥವಾ ದಂಡ. ಯಾರಿಗೂ ಪೆಟ್ಟಾಗಿರಬೇಕಿಲ್ಲ, ನಿಂತ ಕಾರಿಗೆ ಗೀರು ಬಿದ್ದರೂ ಸಾಕು. ಅಂಗಡಿಯ ಪಾರ್ಕಿಂಗ್ ಖಾಸಗಿ ಜಾಗ ಅಲ್ವಾ ಅಂತ ವಾದ ಮಾಡಬೇಡಿ. ಗಿರಾಕಿಗಳಿಗೆ ತೆರೆದಿರುವ ಜಾಗವೂ ಲೆಕ್ಕಕ್ಕೆ ಬರುತ್ತದೆ. ನೀವು ಓಡಿಹೋಗಬೇಕೆಂದುಕೊಂಡಿದ್ದಿರಾ ಇಲ್ಲವಾ ಎಂಬುದನ್ನೂ ಯಾರೂ ಕೇಳುವುದಿಲ್ಲ. ತಾಗಿದ್ದು ಗೊತ್ತಿದ್ದೂ, ನೀವು ಯಾರು ಅಂತ ಕಾರಿನವರಿಗೆ ಗೊತ್ತಾಗುವ ಮೊದಲೇ ಜಾಗ ಬಿಟ್ಟರೆ ಅಪರಾಧ. ಚೀಟಿ ಸಾಲುವುದಿಲ್ಲ. ಅದು ಒದ್ದೆಯಾಗದೆ ಅಲ್ಲೇ ಇದ್ದಿದ್ದರೂ ಸಾಲುತ್ತಿರಲಿಲ್ಲ.

ಹಾಗಾದರೆ ಎಷ್ಟು ಹೊತ್ತು ಕಾಯಬೇಕು? ಕಾಯ್ದೆಯಲ್ಲಿ ನಿಮಿಷದ ಲೆಕ್ಕ ಇಲ್ಲ. ಹೊತ್ತು, ಜಾಗ, ಹಾನಿ ನೋಡಿ ಕೋರ್ಟು ತೀರ್ಮಾನಿಸುತ್ತದೆ. ಸಣ್ಣ ಗೀರಿಗೆ ಅರ್ಧ ಗಂಟೆ ಎಂಬ ಮಾತು ಎಲ್ಲರ ಬಾಯಲ್ಲಿದೆ. ಕಾದು ಹೋದರೂ ಆಮೇಲೆ ತಡ ಮಾಡದೆ ಕಾರಿನವರಿಗೋ ಪೊಲೀಸರಿಗೋ ತಿಳಿಸಲೇಬೇಕು. ಈ ಲೆಕ್ಕಾಚಾರದ ಗೊಡವೆಯೇ ಬೇಡ. ನಿಂತಲ್ಲಿಂದಲೇ 110ಕ್ಕೆ ಫೋನ್ ಮಾಡಿ, ಅವರು ಬರುವವರೆಗೆ ಅಲ್ಲೇ ಇರಿ. ಭಾಷೆ ಬರದಿದ್ದರೆ ಇಷ್ಟು ಬಾಯಿಪಾಠ ಮಾಡಿಕೊಳ್ಳಿ: "ಇಶ್ ಹಾಬೆ ಐನ್ ಪಾರ್ಕೆಂಡೆಸ್ ಔಟೊ ಬೆಶೇಡಿಗ್ಟ್." ನಿಂತ ಕಾರಿಗೆ ಹಾನಿ ಮಾಡಿದ್ದೇನೆ ಎಂದರ್ಥ. ಸಣ್ಣ ದಂಡ ಹಾಕಬಹುದು. ಹಾಕಲಿ ಬಿಡಿ.

ಇನ್ನೊಂದು ಗುಂಡಿ ಇದೆ. ಕುಮಟಾದ ಹುಡುಗನೊಬ್ಬ ಬಿದ್ದಿದ್ದು ಅದರಲ್ಲಿ. ಯಾರೋ ಅವನಿಗೆ "24 ಗಂಟೆ ಟೈಮ್ ಇರುತ್ತೆ" ಎಂದಿದ್ದರು. ಅವನು ಸಂಜೆ ಗುದ್ದಿ, ಬೆಳಗ್ಗೆ ಹೋದರಾಯಿತೆಂದು ಮಲಗಿದ. ರಾತ್ರಿ ಒಂಬತ್ತಕ್ಕೆ ಪೊಲೀಸರೇ ಬಾಗಿಲು ತಟ್ಟಿದರು. ಆ 24 ಗಂಟೆ ಇರುವುದೇನೋ ನಿಜ. ಆದರೆ ಅದು ನಿಮಗೆ ಸಿಗುವ ಗಡುವಲ್ಲ. ತಪ್ಪು ಆಗಿಹೋದ ಮೇಲೆ ಅಷ್ಟರೊಳಗೆ ತಾನಾಗಿ ಬಂದು ಹೇಳಿದವನಿಗೆ ಕೋರ್ಟು ಶಿಕ್ಷೆ ಕಡಿಮೆ ಮಾಡುತ್ತದೆ ಅಥವಾ ಪೂರ್ತಿ ಬಿಡಲೂಬಹುದು, ಅಷ್ಟೇ. ಅದೂ ಪಾರ್ಕಿಂಗಿನಂಥ ಕಡೆ ಆಗಿರಬೇಕು, ಹಾನಿ ದೊಡ್ಡದಿರಬಾರದು. ಪೊಲೀಸರು ಮೊದಲು ಬಾಗಿಲು ತಟ್ಟಿದರೆ "ತಾನಾಗಿ" ಎಂಬ ಮಾತು ಎಲ್ಲಿ ಉಳಿಯಿತು? ಈ ಗೊಂದಲ ನಮ್ಮವರಿಗೆ ಬರಲು ಕಾರಣವೂ ಇದೆ. ನಮ್ಮ ಮೋಟಾರು ವಾಹನ ಕಾಯ್ದೆಯ 134ನೇ ಕಲಮು 24 ಗಂಟೆಯೊಳಗೆ ಠಾಣೆಗೆ ತಿಳಿಸಿ ಎನ್ನುತ್ತದೆ. ಗೀರಿಗೋಸ್ಕರ ಶಿರಸಿ ಠಾಣೆ ಮೆಟ್ಟಿಲು ಹತ್ತಿದವರನ್ನು ನಾನಂತೂ ನೋಡಿಲ್ಲ.

ಕಾಗದ ಬಂದ ಮೇಲೆ ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು. ಎರಡು ಪುಟ ಉತ್ತರ ಬರೆದೆ. ತಾಗಿದ್ದು ಗೊತ್ತಾಯಿತು, ಇಳಿದು ನೋಡಿದೆ, ಕಾದೆ, ಹೊರಟೆ ಎಂದು ಎಲ್ಲವನ್ನೂ ಬಿಡಿಸಿ ಹೇಳಿದೆ. ವಕೀಲ ಅದನ್ನು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ತಾಗಿದ್ದು ಚಾಲಕನಿಗೆ ಗೊತ್ತಾಗಿತ್ತು ಅಂತ ಸಾಬೀತು ಮಾಡುವುದೇ ಅವರಿಗೆ ಕಷ್ಟದ ಕೆಲಸ. ಅದನ್ನು ನೀವೇ ಮಾಡಿಕೊಟ್ಟಿದ್ದೀರಿ" ಎಂದ. ಹೆಸರು, ವಿಳಾಸ, ಹುಟ್ಟಿದ ದಿನ ಇಂಥವನ್ನಷ್ಟೇ ನೀವು ಹೇಳಲೇಬೇಕು. ಉಳಿದದ್ದಕ್ಕೆ ಸುಮ್ಮನಿರುವ ಹಕ್ಕಿದೆ. ಮೊದಲು ವಕೀಲರು ಕೇಸಿನ ಫೈಲು ತರಿಸಿ ಓದಲಿ, ಬಾಯಿ ಬಿಡುವುದು ಆಮೇಲೆ.

ಕೊನೆಗೆ 700 ಯೂರೊ ಕಟ್ಟಿಸಿಕೊಂಡು ಕೇಸು ಕೈಬಿಟ್ಟರು. ವಕೀಲನಿಗೂ ಹೆಚ್ಚುಕಡಿಮೆ ಅಷ್ಟೇ ಹೋಯಿತು. ಬಂಪರಿನ ದುಡ್ಡು ನನ್ನ ವಿಮೆ ಕೊಟ್ಟಿತು, ಮರುವರ್ಷ ಕಂತು ಏರಿತು. ಇಷ್ಟಕ್ಕೇ ಮುಗಿದದ್ದು ಪುಣ್ಯ. ಹೀಗೆ ಜಾಗ ಬಿಟ್ಟುಹೋದವನಿಂದ ವಿಮೆಯವರು 2500 ಯೂರೊವರೆಗೆ, ಪ್ರಕರಣ ಗಂಭೀರವಾದರೆ 5000ದವರೆಗೆ ವಾಪಸ್ ಕೇಳಬಹುದು. ಹಾನಿ ದೊಡ್ಡದಾಗಿದ್ದರೆ ಲೈಸೆನ್ಸೂ ಹೋಗುತ್ತದೆ. ಭಾರತದ ಲೈಸೆನ್ಸ್ ಅಲ್ಲಿ ವಾಸ ಶುರುವಾಗಿ ಆರು ತಿಂಗಳು ಮಾತ್ರ ನಡೆಯುವುದು. ಆಮೇಲೆ ಪರೀಕ್ಷೆ ಬರೆದು, ಓಡಿಸಿ ತೋರಿಸಿ, ಸಾವಿರಾರು ಯೂರೊ ಸುರಿದು ಪಡೆದ ಲೈಸೆನ್ಸ್ ಅದು.

ಇನ್ನು ನಿಮ್ಮ ಕಾರಿಗೇ ಯಾರೋ ಗುದ್ದಿ ಹೋದರೆ? ಕಾರು ಅಲುಗಾಡಿಸುವ ಮೊದಲು ಫೋಟೋ ತೆಗೆಯಿರಿ, ಪೊಲೀಸರಿಗೆ ಹೇಳಿ, ಒಂದು ವಾರದೊಳಗೆ ವಿಮೆಗೆ ತಿಳಿಸಿ. ಗುದ್ದಿದವರು ಸಿಗದಿದ್ದರೆ ಫೋಲ್‌ಕಾಸ್ಕೊ, ಅಂದರೆ ಸ್ವಂತ ಕಾರಿನ ಪೂರ್ಣ ವಿಮೆ, ಇದ್ದವರಿಗೆ ಮಾತ್ರ ದುಡ್ಡು. ಅದರಲ್ಲೂ ನೀವೇ ಹೊರಬೇಕಾದ ಪಾಲನ್ನು ಕಳೆದು ಕೊಡುತ್ತಾರೆ, ಕಂತೂ ಏರುತ್ತದೆ. ಟೈಲ್‌ಕಾಸ್ಕೊ ಎಂಬ ಭಾಗಶಃ ವಿಮೆ ಗಾಜು, ಕಳ್ಳತನ, ಆಲಿಕಲ್ಲು, ಅಡ್ಡ ಬಂದ ಜಿಂಕೆ ಇಂಥದ್ದಕ್ಕೆ. ಹೆಸರು ಅರ್ಧಂಬರ್ಧ ಕೇಳಿ ಇದನ್ನೇ ತೆಗೆದುಕೊಂಡು ಮೋಸ ಹೋದವರು ಇದ್ದಾರೆ.

ಗುದ್ದಿದವರ ನಂಬರ್ ಪ್ಲೇಟ್ ಸಿಕ್ಕರೆ ಮಾತ್ರ ಆಟವೇ ಬೇರೆ. ಕಾರು ವಿಮೆಗಳ ಕೇಂದ್ರ ಸಹಾಯವಾಣಿ ತ್ಸೆಂಟ್ರಾಲ್‌ರೂಫ್‌ಗೆ ಆ ನಂಬರ್ ಹೇಳಿದರೆ ಅವರ ವಿಮಾ ಕಂಪನಿ ಯಾವುದೆಂದು ತಿಳಿಸುತ್ತಾರೆ. ತಪ್ಪು ಪೂರ್ತಿ ಅವರದಾದರೆ ನಿಮ್ಮ ವಕೀಲನ ಖರ್ಚು, ಹಾನಿ ತೀರಾ ಚಿಕ್ಕದಲ್ಲದಿದ್ದರೆ ಹಾನಿ ಅಂದಾಜು ಮಾಡಲು ನೀವೇ ಆರಿಸಿದ ಪರಿಣಿತನ ಖರ್ಚು, ಎರಡೂ ಅವರ ವಿಮೆಯದೇ. "ನಮ್ಮ ಪರಿಣಿತರನ್ನೇ ಕಳಿಸುತ್ತೇವೆ" ಎಂದು ಅವರು ಸಿಹಿಯಾಗಿ ಫೋನ್ ಮಾಡುತ್ತಾರೆ. ಬೇಡ ಅನ್ನಿ. ನಮ್ಮಲ್ಲಿ ದೇವಿಕೆರೆ ಹತ್ತಿರ ಗುದ್ದಿದರೆ ಹತ್ತು ಜನ ಸೇರಿ, ಯಾರ ದನಿ ದೊಡ್ಡದೋ ಅವರ ಕಡೆಗೆ ರಾಜಿ ಮಾಡಿಸುತ್ತಾರೆ. ಈ ಒಂದು ವಿಷಯದಲ್ಲಿ ಜರ್ಮನಿಯದೇ ಜಾಸ್ತಿ ನ್ಯಾಯ. ಚೀಟಿ ಇಟ್ಟವನನ್ನು ಅಪರಾಧಿ ಮಾಡುವುದು ಅತಿಯಾಯಿತು ಅಂತ ಈಗಲೂ ಹೇಳುತ್ತೇನೆ.

ಔಟೋಬಾನ್ ಎಂಬ ಅಲ್ಲಿನ ಹೆದ್ದಾರಿಯಲ್ಲಿ ಹಿಂದಿನಿಂದ ಬಂದು ಬಂಪರಿಗೆ ಅಂಟಿಕೊಳ್ಳುವವರು ಅಲ್ಲೂ ಇದ್ದಾರೆ. ಬಲಕ್ಕೆ ಸರಿದು ದಾರಿ ಬಿಡಿ. ನಡುಬೆರಳು ತೋರಿಸಬೇಡಿ, ಅದು ಅವಮಾನದ ಕೇಸಾಗುತ್ತದೆ, ದಂಡ ಜೇಬು ಸುಡುತ್ತದೆ. ದೇವಿಮನೆ ಘಾಟಿಯ ತಿರುವಿನಲ್ಲಿ ಹಾರ್ನ್ ಹೊಡೆಯದವನಿಗೆ ಬೈಗುಳ, ಅಲ್ಲಿ ಅಪಾಯ ಇಲ್ಲದೆ ಹೊಡೆದವನಿಗೆ ಬೈಗುಳ. ಲೈಟಿನದ್ದು ಇನ್ನೂ ತಮಾಷೆ. ನಮ್ಮಲ್ಲಿ ಎದುರಿನವನು ಡಿಪ್ಪರ್ ಹೊಡೆದರೆ "ನಾನು ನುಗ್ಗುತ್ತಿದ್ದೇನೆ, ನಿಲ್ಲು" ಎಂದರ್ಥ. ಅಲ್ಲಿ ಊರೊಳಗೆ ಹೊಡೆದರೆ ಹೆಚ್ಚಾಗಿ "ನೀನು ಹೋಗು" ಎಂದು. ಮೊದಲ ವಾರ ನಾನೂ ಎದುರಿನವನೂ ಒಬ್ಬರಿಗೊಬ್ಬರು ಲೈಟು ಹೊಡೆಯುತ್ತ ಎಷ್ಟೋ ಹೊತ್ತು ನಿಂತೇ ಇದ್ದೆವು.